ಗ್ಯಾಸ್ ಹಾರಿ ಹೋಗಲ್ಲ ಸ್ವಾಮಿ, ಬೋಟಿನ ಹೊಟ್ಟೆಗೆ ಇಳಿಯುತ್ತೆ!

ಟಿವಿ ಪರದೆಯ ಕೆಳಗಿನ ಕೆಂಪು ಪಟ್ಟಿಯಲ್ಲಿ ಎರಡು ಪದ ಆಗಾಗ ಓಡುತ್ತವೆ. 'ಸಿಲಿಂಡರ್ ಸ್ಫೋಟ'. ಮನೆಯಲ್ಲಾದರೂ ಅದೇ ಎರಡು ಪದ, ಹೋಟೆಲಲ್ಲಾದರೂ ಅದೇ, ಬೋಟಿನಲ್ಲಾದರೂ ಅದೇ. ಆದರೆ ಸ್ಥಳಕ್ಕೆ ಹೋಗಿ ಬಂದ ಅಗ್ನಿಶಾಮಕ ಸಿಬ್ಬಂದಿಯನ್ನು ಒಮ್ಮೆ ಕೇಳಿ ನೋಡಿ. ಗೋಡೆ ಬಿದ್ದಿರುತ್ತೆ, ಹೆಂಚು ಹಾರಿರುತ್ತೆ, ಬಾಗಿಲು ರಸ್ತೆಗೆ ಬಂದು ಬಿದ್ದಿರುತ್ತೆ. ಎಷ್ಟೋ ಸಲ ಮೂಲೆಯಲ್ಲಿ ಸಿಲಿಂಡರ್ ಮಾತ್ರ ಇಡಿಯಾಗಿ ನಿಂತಿರುತ್ತೆ! ಹಾಗಾದರೆ ಸಿಡಿದದ್ದು ಏನು? ಸಿಲಿಂಡರಿನಿಂದ ಸದ್ದಿಲ್ಲದೆ ಹೊರಗೆ ಬಂದು, ಕೋಣೆಯ ಗಾಳಿಯ ಜೊತೆ ಬೆರೆತು, ಒಂದು ಕಿಡಿಗಾಗಿ ಕಾಯ್ತಾ ಕೂತಿದ್ದ ಗ್ಯಾಸ್.

ಈ ವ್ಯತ್ಯಾಸ ಮನೆಯಲ್ಲಿ ಕೂತವರಿಗೆ ಸಣ್ಣದು ಅನ್ನಿಸಬಹುದು. ಆದರೆ ನೀರಿನ ಮೇಲೆ ಅಡುಗೆ ಮಾಡುವವರಿಗೆ ಇದೇ ಜೀವ ಉಳಿಸುವ ವ್ಯತ್ಯಾಸ. ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್. ಮಂಗಳೂರಿನ ಧಕ್ಕೆಯಿಂದ ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರದ ಬೈತಖೋಲದವರೆಗೆ ಸಾವಿರಾರು ಬೋಟುಗಳಿವೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಒಮ್ಮೆ ಹೊರಟರೆ ಎಂಟು ದಿನ, ಹತ್ತು ದಿನ ವಾಪಸ್ ಬರೋದಿಲ್ಲ. ಏಳೆಂಟು ಜನ, ದಿನಕ್ಕೆ ಎರಡು ಹೊತ್ತು ಕುಚ್ಚಲಕ್ಕಿ ಅನ್ನ, ಮೀನು ಸಾರು, ನಾಲ್ಕೈದು ಸಲ ಚಹಾ. ಅಷ್ಟು ಅಡುಗೆ ಎಲ್ಲಿ ಆಗುತ್ತೆ? ಅದೇ ಬೋಟಿನಲ್ಲಿ. ಯಾವುದರಲ್ಲಿ ಆಗುತ್ತೆ? ನಿಮ್ಮ ನಮ್ಮ ಮನೆಯಲ್ಲಿರುವ ಅದೇ ಗ್ಯಾಸ್ ಸಿಲಿಂಡರಿನಲ್ಲಿ.

ಮಲ್ಪೆ ಧಕ್ಕೆಯಲ್ಲಿ ಕಟ್ಟಿ ಹಾಕಿದ್ದ ಒಂದು ಬೋಟು ಹತ್ತಿ ನೋಡಿದ್ದೆ. ವೀಲ್‌ಹೌಸಿನ ಹಿಂದೆ ಒಬ್ಬ ಮನುಷ್ಯ ಕಷ್ಟಪಟ್ಟು ಕೂರಬಹುದಾದಷ್ಟು ಜಾಗ. ಅಲ್ಲೇ ಎರಡು ಬರ್ನರಿನ ಸ್ಟವ್. ಅಲುಗಾಡಬಾರದು ಅಂತ ಸ್ಟವ್ ಸುತ್ತ ಮರದ ಪಟ್ಟಿ ಹೊಡೆದಿದ್ದರು, ಅದು ಒಳ್ಳೆ ಕೆಲಸ. ಪಕ್ಕದಲ್ಲೇ ಸಿಲಿಂಡರ್, ಅದಕ್ಕೆ ಬಲೆಯ ಹಗ್ಗದಲ್ಲಿ ಒಂದು ಸುತ್ತು. ಅದರ ನೇರ ಕೆಳಗೆ ಹಲಗೆ, ಹಲಗೆಯ ಕೆಳಗೆ ಇಂಜಿನ್ ರೂಮು. ನಾನು ತಾಂಡೇಲರನ್ನು ಕೇಳಿದೆ: "ಇಲ್ಲಿ ಗ್ಯಾಸ್ ಲೀಕ್ ಆದ್ರೆ ಏನು ಮಾಡ್ತೀರಿ?"

ಅವರು ನಕ್ಕರು. "ಎಂಥ ಆಗ್ತದೆ ಸಾರ್? ಸಮುದ್ರದಲ್ಲಿ ಗಾಳಿ ಉಂಟಲ್ಲ. ಎಲ್ಲ ಹಾರಿ ಹೋಗ್ತದೆ. ಮನೆಯಲ್ಲಾದ್ರೆ ಹೆದರ್ಬೇಕು ಮಾರಾಯ್ರೆ, ಇಲ್ಲಿ ಎಂಥಕ್ಕೆ?"

30 ವರ್ಷ ಸಮುದ್ರ ನೋಡಿದ ಮನುಷ್ಯ. ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಮುಖದ ಮೇಲಿನ ತಂಪಿನಲ್ಲೇ ಹೇಳಬಲ್ಲವರು. ಈ ಮಾತನ್ನು ಧಕ್ಕೆಯ ಮೇಲೆ ಇನ್ನೂ ಇಬ್ಬರು ಮೂವರ ಬಾಯಲ್ಲಿ ಕೇಳಿದೆ. ಕೇಳೋಕೆ ಸರಿಯಾಗಿಯೇ ಇದೆ. ಸುತ್ತಲೂ ಬಯಲು, ಮೇಲೆ ಆಕಾಶ, ಗ್ಯಾಸ್ ಎಲ್ಲಿ ನಿಲ್ಲುತ್ತೆ?

ನಿಲ್ಲುತ್ತೆ. ಮನೆಗಿಂತ ಚೆನ್ನಾಗಿ ನಿಲ್ಲುತ್ತೆ. ಯಾಕೆ ಅಂತ ನೋಡಿ.

ಸಿಲಿಂಡರಿನಲ್ಲಿ ಇರೋದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿರುತ್ತೆ, ಹೊರಗೆ ಬಂದ ತಕ್ಷಣ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತೆ. ಈ ಅನಿಲ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಹೆಚ್ಚುಕಡಿಮೆ ಎರಡು ಪಟ್ಟು. ಭಾರ ಇರೋದು ಏನು ಮಾಡುತ್ತೆ? ಕೆಳಗೆ ಇಳಿಯುತ್ತೆ. ನೆಲದ ಮೇಲೆ ಚೆಲ್ಲಿದ ನೀರಿನ ಹಾಗೆ ಹರಿಯುತ್ತೆ, ತಗ್ಗು ಹುಡುಕುತ್ತೆ. ಮನೆಯಲ್ಲಾದರೆ ಬಾಗಿಲ ಸಂದಿ ಇದೆ, ಬಚ್ಚಲ ಕಿಂಡಿ ಇದೆ, ಹೊಸ್ತಿಲ ಕೆಳಗಿನಿಂದ ಅಂಗಳಕ್ಕೆ ಹೋಗುತ್ತೆ. ಬೋಟಿಗೆ ಹೊಸ್ತಿಲು ಇಲ್ಲ! ಬೋಟು ಅಂದರೇನೇ ನೀರು ಒಳಗೆ ಬರದ ಹಾಗೆ ಸಂದಿ ಸಂದಿಗೆ ಗಿಡಿದು, ಬಣ್ಣ ಬಳಿದು, ಫೈಬರ್ ಹೊದಿಸಿ ಕಟ್ಟಿದ ಒಂದು ದೊಡ್ಡ ಪಾತ್ರೆ. ಹೊರಗಿನ ನೀರನ್ನು ಒಳಗೆ ಬಿಡದ ಪಾತ್ರೆ ಒಳಗಿನ ಗ್ಯಾಸನ್ನೂ ಹೊರಗೆ ಬಿಡಲ್ಲ. ಡೆಕ್ ಮೇಲೆ ಎಷ್ಟೇ ಗಾಳಿ ಬೀಸಲಿ, ಅದು ಬೋಟಿನ ಮೇಲೆ ಹಾದು ಹೋಗುತ್ತೆ. ಹಲಗೆಯ ಸಂದಿಯಿಂದ ಇಳಿದ ಗ್ಯಾಸ್ ಇಂಜಿನ್ ರೂಮಿನ ತಳದಲ್ಲಿ, ಕೊಳಕು ನೀರು ನಿಲ್ಲುವ ಜಾಗದಲ್ಲಿ ಮಡುಗಟ್ಟಿ ಕೂರುತ್ತೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ.

ಎಷ್ಟು ಗ್ಯಾಸ್ ಆದರೆ ಅಪಾಯ? ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. ಗಾಳಿಯಲ್ಲಿ ಈ ಅನಿಲದ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ 2 ಭಾಗ ಆದರೆ ಸಾಕು, ಕಿಡಿ ತಾಗಿದರೆ ಹೊತ್ತುತ್ತೆ. 9-10 ಭಾಗ ದಾಟಿದರೆ ಗಾಳಿ ಸಾಲದೆ ಹೊತ್ತಲ್ಲ. ಅಂದರೆ ಅಪಾಯ ಇರೋದು ಬಹಳ ಕಡಿಮೆ ಗ್ಯಾಸಿನಲ್ಲೇ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಎತ್ತರದ ಒಂದು ಕ್ಯಾಬಿನ್ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 8 ಘನ ಮೀಟರ್ ಗಾಳಿ ಇರುತ್ತೆ. ಅದರ ನೂರಕ್ಕೆ 2 ಭಾಗ ತುಂಬೋಕೆ ಬೇಕಾದ ಗ್ಯಾಸ್ ಸುಮಾರು 350 ಗ್ರಾಂ. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಇರುತ್ತೆ. ಒಂದೇ ಸಿಲಿಂಡರಿನಲ್ಲಿ ಇಂಥ 40 ಕ್ಯಾಬಿನ್ ಉಡಾಯಿಸುವಷ್ಟು ಸರಕು!

ಅದೂ ಗ್ಯಾಸ್ ಸಮನಾಗಿ ಹರಡಿದರೆ ಮಾತ್ರ 350 ಗ್ರಾಂ ಬೇಕು. ಅದು ಹಾಗೆ ಹರಡಲ್ಲ, ಕೆಳಗಿನ ಒಂದು ಅಡಿಯಲ್ಲೇ ನಿಲ್ಲುತ್ತೆ ಅಂತಿಟ್ಟುಕೊಳ್ಳಿ. ಆಗ ಬೇಕಾದ್ದು ಅದರ ಆರನೇ ಒಂದು ಭಾಗ, ಸುಮಾರು 60 ಗ್ರಾಂ. ಸಾಧಾರಣ ಬರ್ನರು ಪೂರ್ತಿ ತೆರೆದಿಟ್ಟರೆ ಗಂಟೆಗೆ 150 ಗ್ರಾಂ ಆಸುಪಾಸು ಗ್ಯಾಸ್ ಬಿಡುತ್ತೆ. ಚಹಾ ಕಾಯಿಸ್ತಾ ಇರುವಾಗ ಒಂದು ಗಾಳಿಯ ಹೊಡೆತಕ್ಕೆ ಉರಿ ಆರಿತು, ಅಡುಗೆಯವನು ಬಲೆ ಎಳೆಯೋಕೆ ಅಂತ ಓಡಿದ, ನಾಬ್ ತೆರೆದೇ ಇದೆ. ಎಷ್ಟು ಹೊತ್ತು ಬೇಕು? ಅರ್ಧ ಗಂಟೆಯೂ ಬೇಡ.

ವಾಸನೆ ಬರಲ್ವಾ ಅಂತ ಕೇಳ್ತೀರಿ. ಬರಬೇಕು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಎಂಬ ಕೊಳೆತ ವಾಸನೆಯ ರಾಸಾಯನಿಕ ಸೇರಿಸಿರ್ತಾರೆ. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗ ಇದ್ದಾಗಲೇ ಮೂಗಿಗೆ ತಿಳಿಯಬೇಕು ಅನ್ನೋದು ಲೆಕ್ಕ. ಆದರೆ ಆ ಲೆಕ್ಕ ಅಡುಗೆಮನೆಯಲ್ಲಿ ನಿಂತ ಗೃಹಿಣಿಯ ಮೂಗಿಗೆ. ಬೋಟಿನಲ್ಲಿ ಡೀಸೆಲ್ ವಾಸನೆ, ಹಳೇ ಬಲೆಯ ವಾಸನೆ, ಐಸಿನಲ್ಲಿ ಒಂದು ವಾರದಿಂದ ಕೂತ ಮೀನಿನ ವಾಸನೆ. ಇದರ ನಡುವೆ ಮರ್ಕ್ಯಾಪ್ಟನ್ ಯಾವ ಲೆಕ್ಕ? ಮೇಲಾಗಿ ಮೂಗು ಐದೂವರೆ ಅಡಿ ಎತ್ತರದಲ್ಲಿ, ಗ್ಯಾಸ್ ಕಾಲಿನ ಕೆಳಗೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಗುರುತಿಸೋದನ್ನೇ ನಿಲ್ಲಿಸುತ್ತೆ ಅನ್ನೋದು ಬೇರೆ. ಹಾಗಾಗಿ ಮೂಗಿನ ಜೊತೆಗೆ ಒಂದು ಗ್ಯಾಸ್ ಡಿಟೆಕ್ಟರ್ ಬೇಕು. ಅದನ್ನು ಕಣ್ಣಿಗೆ ಚೆಂದ ಕಾಣಲಿ ಅಂತ ತಲೆ ಮಟ್ಟದಲ್ಲಿ ಹಾಕಿದರೆ ಪ್ರಯೋಜನ ಇಲ್ಲ. ಕೆಳಗೆ, ನೀರು ತಾಗದಷ್ಟು ಎತ್ತರದಲ್ಲಿ, ಹೆಚ್ಚೆಂದರೆ ಮೊಣಕಾಲಿನ ಕೆಳಗೆ ಇರಬೇಕು.

ಈಗ ಕಿಡಿಯ ಮಾತು. ಬೋಟಿನ ತಳದಲ್ಲಿ ಗ್ಯಾಸ್ ಕೂತಿದೆ. ಅದೇ ತಳದಲ್ಲಿ ಏನೇನಿದೆ? ಬ್ಯಾಟರಿ ಇದೆ. ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು ಇದೆ. ನೀರು ತುಂಬಿದಾಗ ತಾನಾಗಿ ಚಾಲೂ ಆಗುವ ಪಂಪಿನ ಸ್ವಿಚ್ಚಿದೆ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ ನಿಜ, ಆದರೆ ಸ್ಟಾರ್ಟರಿನಲ್ಲಿ ಕಿಡಿ ಬಂದೇ ಬರುತ್ತೆ. ರಾತ್ರಿ ಲೀಕ್ ಆಗಿದೆ, ಯಾರಿಗೂ ಗೊತ್ತಿಲ್ಲ, ಬೆಳಗಿನ ಜಾವ ತಾಂಡೇಲರು ಎದ್ದು ಇಂಜಿನ್ ಕೀ ತಿರುಗಿಸ್ತಾರೆ. ಅಡುಗೆ ಮಾಡುವಾಗ ಮಾತ್ರ ಅಪಾಯ ಅಂದುಕೊಂಡವರಿಗೆ ಇದನ್ನು ಒತ್ತಿ ಹೇಳ್ತೇನೆ. ಬೋಟಿನಲ್ಲಿ ಒಲೆ ತಣ್ಣಗಿರುವಾಗಲೂ ಗ್ಯಾಸ್ ಹೊತ್ತಬಹುದು. ಚಾಲೂ ಇರುವ ಡೀಸೆಲ್ ಇಂಜಿನ್ ಈ ಗ್ಯಾಸನ್ನು ಗಾಳಿಯ ಜೊತೆ ಎಳೆದುಕೊಂಡರೆ ಅದು ಇನ್ನೊಂದು ಕಥೆ. ಡೀಸೆಲ್ ಬಂದ್ ಮಾಡಿದರೂ ಇಂಜಿನ್ ನಿಲ್ಲದೆ ಹುಚ್ಚು ಹಿಡಿದ ಹಾಗೆ ಓಡಬಹುದು.

ಹಾಗಾದರೆ ಸಿಲಿಂಡರ್ ಎಲ್ಲಿಡಬೇಕು? ಉತ್ತರ ಒಂದೇ. ಒಳಗಲ್ಲ, ಹೊರಗೆ, ಡೆಕ್ ಮೇಲೆ.

ಇಂಗ್ಲೆಂಡಿನ ಕಾಲುವೆಗಳಲ್ಲಿ ಬೋಟಿನಲ್ಲೇ ಸಂಸಾರ ಮಾಡುವ ಜನ ಬಹಳ ಇದ್ದಾರೆ. ಅಲ್ಲಿ 'ಬೋಟ್ ಸೇಫ್ಟಿ ಸ್ಕೀಮ್' ಅಂತ ಒಂದು ವ್ಯವಸ್ಥೆ ಇದೆ. ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಕರು ಬಂದು ಬೋಟು ನೋಡ್ತಾರೆ. ಅವರು ತಪ್ಪದೆ ನೋಡುವ ಒಂದು ವಿಷಯ ಸಿಲಿಂಡರ್ ಪೆಟ್ಟಿಗೆ. ಅದರ ಉಪಾಯ ಎಷ್ಟು ಸರಳ ನೋಡಿ. ಸಿಲಿಂಡರಿಗೆ ಒಂದು ಪೆಟ್ಟಿಗೆ. ಮೇಲಿನಿಂದ ಮಾತ್ರ ತೆರೆಯಬೇಕು. ನಾಲ್ಕೂ ಬದಿ, ತಳ ಎಲ್ಲ ಮುಚ್ಚಿರಬೇಕು, ಬೋಟಿನ ಒಳಗಡೆಗೆ ಒಂದು ಸಂದಿಯೂ ಇರಬಾರದು. ತಳದ ಅತ್ಯಂತ ತಗ್ಗಿನಲ್ಲಿ ಒಂದು ಕೊಳವೆ, ಆ ಕೊಳವೆಯ ಬಾಯಿ ಬೋಟಿನ ಹೊರಗೆ, ನೀರಿನ ಮಟ್ಟದ ಮೇಲೆ. ಅಷ್ಟೇ! ಗ್ಯಾಸ್ ಸೋರಿದರೆ ತಾನಾಗಿ ಕೆಳಗಿಳಿದು ಸಮುದ್ರದ ಮೇಲೆ ಹೊರಟು ಹೋಗುತ್ತೆ. ಕರೆಂಟ್ ಬೇಡ, ಫ್ಯಾನ್ ಬೇಡ. ಭಾರ ಇರುವುದೇ ಗ್ಯಾಸಿನ ಕೆಟ್ಟ ಗುಣ ಅಂದುಕೊಂಡಿದ್ದೆವು, ಈ ಪೆಟ್ಟಿಗೆಯಲ್ಲಿ ಅದೇ ಒಳ್ಳೆ ಗುಣ. ತಾಂಡೇಲರು ಹೇಳಿದ 'ಹಾರಿ ಹೋಗ್ತದೆ' ಅನ್ನೋ ಮಾತು ಸುಳ್ಳಾಗಬಾರದು ಅಂದರೆ ಗ್ಯಾಸಿಗೆ ಹೋಗಲು ದಾರಿ ಮಾಡಿಕೊಡಬೇಕು.

ಪೆಟ್ಟಿಗೆ ಮಾಡಿಸಿದ ಮೇಲೆ ಅದರೊಳಗೆ ಹಳೇ ಹಗ್ಗ, ಪೇಂಟ್ ಡಬ್ಬ, ಸ್ಪ್ಯಾನರ್ ತುರುಕಬೇಡಿ. ಕೊಳವೆಯ ಬಾಯಿ ಕಟ್ಟಿಕೊಳ್ಳುತ್ತೆ. ಪೆಟ್ಟಿಗೆ ಮಾಡಿಸೋಕೆ ಆಗಲೇ ಇಲ್ಲ ಅಂದರೆ ಸಿಲಿಂಡರನ್ನು ತೆರೆದ ಡೆಕ್ ಮೇಲೆ, ಕ್ಯಾಬಿನ್ ಬಾಗಿಲಿಂದ, ಇಂಜಿನ್ ರೂಮಿನ ಕಿಂಡಿಯಿಂದ, ಮೀನಿನ ಸ್ಟೋರೇಜಿನ ಮುಚ್ಚಳದಿಂದ ದೂರ ಕಟ್ಟಿ. ಕಟ್ಟುವಾಗ ಒಂದು ಸುತ್ತು ಸಾಲದು, ಮೇಲೊಂದು ಕೆಳಗೊಂದು. ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು. ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ಬರುತ್ತೆ, ಸ್ಟವ್ ಮೇಲೆ ಆಳೆತ್ತರದ ಉರಿ ಏಳುತ್ತೆ. ಹತ್ತು ದಿನದ ಪ್ರಯಾಣ ಅಂತ ಎರಡನೇ ಸಿಲಿಂಡರ್ ಒಯ್ತಾರಲ್ಲ, ಅದಕ್ಕೂ ಇದೇ ನಿಯಮ. ಖಾಲಿ ಆದದ್ದಕ್ಕೂ ಇದೇ ನಿಯಮ. ಖಾಲಿ ಸಿಲಿಂಡರ್ ಅನ್ನೋದು ಮಾತಿಗೆ ಮಾತ್ರ ಖಾಲಿ, ಒಳಗೆ ಉಳಿದ ಗ್ಯಾಸ್ ನಮ್ಮ 60 ಗ್ರಾಂ ಲೆಕ್ಕಕ್ಕೆ ಧಾರಾಳ. ವಾಲ್ವಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ದಾರ ಕಿತ್ತು ಸಮುದ್ರಕ್ಕೆ ಎಸೆಯೋರಿದ್ದಾರೆ. ಅದು ಇರೋದೇ ಆಗ ಹಾಕೋಕೆ.

ಇನ್ನು ಸಿಲಿಂಡರಿನಿಂದ ಸ್ಟವ್‌ವರೆಗಿನ ದಾರಿ. ಉಪ್ಪು ಗಾಳಿ ಯಾವುದನ್ನೂ ಬಿಡಲ್ಲ. ಮನೆಯಲ್ಲಿ ಹತ್ತು ವರ್ಷ ಬರುವ ಕ್ಲಿಪ್ಪು ಬೋಟಿನಲ್ಲಿ ಒಂದು ಸೀಸನ್ ಬರೋದು ಕಷ್ಟ. ಸಿಲಿಂಡರಿನ ಬುಡದ ಬಳೆ ನೀರಲ್ಲೇ ನಿಂತು ತುಕ್ಕು ಹಿಡಿಯುತ್ತೆ, ಅದಕ್ಕೆ ಕೆಳಗೊಂದು ಮರದ ಜಾಲರಿ ಹಾಕಿ. ಪೈಪು ಅಂದರೆ ಒಳಗೆ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಆಗಬೇಕು. ಮನೆಗೇ ಐದು ವರ್ಷಕ್ಕೆ ಬದಲಿಸಿ ಅಂತಾರೆ, ಬೋಟಿಗೆ ಅಷ್ಟು ಕಾಯಬೇಡಿ. ಹಲಗೆಯ ತೂತಿನಲ್ಲಿ ಪೈಪು ನುಗ್ಗಿಸಿದ್ದರೆ ಅಲೆ ಅಲುಗಾಡಿಸಿದ ಹಾಗೆಲ್ಲ ಅದು ಉಜ್ಜಿ ಉಜ್ಜಿ ತೆಳ್ಳಗಾಗುತ್ತೆ, ಆ ಜಾಗದಲ್ಲಿ ರಬ್ಬರಿನ ಬಳೆ ಹಾಕಿಸಿ. ಸಿಲಿಂಡರ್ ತರುವಾಗ ಎರಡು ವಿಷಯ ನೋಡಿ. ಹಿಡಿಯ ಪಟ್ಟಿಯ ಒಳಬದಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಇರುತ್ತೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷ. ಮರುಪರೀಕ್ಷೆಗೆ ಹೋಗಬೇಕಾದ ಗಡುವು ಅದು. ದಾಟಿದ್ದರೆ ವಾಪಸ್ ಕೊಡಿ. ಎರಡನೆಯದು, ವಾಲ್ವಿನ ಬಾಯೊಳಗೆ ಕಪ್ಪು ರಬ್ಬರ್ ರಿಂಗ್ ಇದೆಯೋ ಇಲ್ಲವೋ. ಕಾಸಿನ ಬೆಲೆಯ ರಿಂಗ್ ಅದು. ಅದಿಲ್ಲದಿದ್ದರೆ ರೆಗ್ಯುಲೇಟರ್ ಕೂರಿಸಿದ ಕ್ಷಣದಿಂದಲೇ ಸೋರಿಕೆ. ಸಮುದ್ರದ ನಡುವೆ, ರಾತ್ರಿ, ಟಾರ್ಚ್ ಬೆಳಕಿನಲ್ಲಿ ಗೊತ್ತಾದರೆ ಯಾರನ್ನು ಕೇಳ್ತೀರಿ?

ಅಡುಗೆ ಮುಗಿದ ಮೇಲೆ ಸ್ಟವ್ ನಾಬ್ ತಿರುಗಿಸಿ ಎದ್ದು ಹೋಗುವುದು ಮನೆಯ ಅಭ್ಯಾಸ. ಬೋಟಿನ ಅಭ್ಯಾಸ ಉಲ್ಟಾ ಇರಬೇಕು. ಉರಿ ಇರುವಾಗಲೇ ಮೊದಲು ರೆಗ್ಯುಲೇಟರ್ ಬಂದ್ ಮಾಡಿ. ಪೈಪಿನಲ್ಲಿರುವ ಗ್ಯಾಸ್ ಉರಿದು ಮುಗಿದು ಉರಿ ತಾನಾಗಿ ಆರುತ್ತೆ. ಆಮೇಲೆ ನಾಬ್. ಪೈಪು ಖಾಲಿ, ರಾತ್ರಿ ಇಲಿ ಕಡಿದರೂ ಸೋರೋಕೆ ಏನೂ ಇಲ್ಲ. (ಇಲಿ ಅಂದಾಗ ಧಕ್ಕೆಯಲ್ಲಿ ನಕ್ಕರು. ಪ್ರತಿ ಬೋಟಿನಲ್ಲೂ ಒಂದು ಇದ್ದೇ ಇರ್ತದೆ ಅಂದರು.) ಉರಿ ಆರಿದರೆ ಗ್ಯಾಸನ್ನೂ ತಾನೇ ಬಂದ್ ಮಾಡುವ ಸ್ಟವ್‌ಗಳು ಬರುತ್ತವೆ. ಗಾಳಿಯಲ್ಲಿ ಅಡುಗೆ ಮಾಡುವವನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮುಂದಿನ ಸಲ ಸ್ಟವ್ ಕೊಳ್ಳುವಾಗ ಅಂಗಡಿಯಲ್ಲಿ ಇದನ್ನು ಕೇಳಿ.

ಲೀಕ್ ಇದೆಯಾ ಅಂತ ನೋಡೋದು ಹೇಗೆ? ಸೋಪಿನ ನೀರು. ಪ್ರತಿ ಜೋಡಣೆಗೂ ಹಚ್ಚಿ, ಗುಳ್ಳೆ ಎದ್ದರೆ ಲೀಕ್. ಬೆಂಕಿಕಡ್ಡಿ ಗೀರಿ ನೋಡುವ ಧೀರರು ಇನ್ನೂ ಇದ್ದಾರೆ, ಅವರ ಬಗ್ಗೆ ನಾನೇನೂ ಹೇಳಲ್ಲ. ಅಮೆರಿಕದ ಬೋಟುಗಳಲ್ಲಿ ಪೈಪಿಗೆ ಒಂದು ಒತ್ತಡ ತೋರಿಸುವ ಗೇಜ್ ಹಾಕ್ತಾರೆ. ಸಿಲಿಂಡರ್ ಒಮ್ಮೆ ತೆರೆದು ಮುಚ್ಚಿ ಮೂರು ನಿಮಿಷ ಮುಳ್ಳು ನೋಡ್ತಾರೆ. ಇಳಿದರೆ ಎಲ್ಲೋ ಸೋರ್ತಾ ಇದೆ ಅಂತ ಅರ್ಥ.

ವಾಸನೆ ಬಂದೇ ಬಿಟ್ಟಿತು. ಆಗ? ಉರಿಯುವ ಬೀಡಿ, ಒಲೆ ಮೊದಲು ಆರಬೇಕು. ಸಿಲಿಂಡರ್ ಬಂದ್. ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಆನ್ ಇದ್ದದ್ದು ಆನ್, ಆಫ್ ಇದ್ದದ್ದು ಆಫ್. ನಿಂತ ಇಂಜಿನ್ ಸ್ಟಾರ್ಟ್ ಮಾಡಬಾರದು, ಕರೆಂಟಿನ ಪಂಪು ಹಾಕಬಾರದು. ಮಲಗಿದವರನ್ನು ಎಬ್ಬಿಸಿ ಡೆಕ್ಕಿಗೆ ಕರೆಸಿ, ಎಲ್ಲ ಬಾಗಿಲು ಮುಚ್ಚಳ ತೆರೆಯಿರಿ. ಅಷ್ಟಾದರೂ ತಳದ ಗ್ಯಾಸ್ ತಾನಾಗಿ ಮೇಲೆ ಬರಲ್ಲ. ಅದನ್ನು ಹೇಗೆ ತೆಗೆಯೋದು? ಹಳೇ ನಾವಿಕರ ಒಂದು ಉಪಾಯ ಇದೆ, ಕೇಳಿದರೆ ನಗು ಬರುತ್ತೆ. ಬಕೆಟ್ ತೆಗೆದುಕೊಂಡು ನೀರು ತೋಡಿದ ಹಾಗೆ ತೋಡಿ ಹೊರಗೆ ಚೆಲ್ಲೋದು! ಬಕೆಟಿನಲ್ಲಿ ಏನೂ ಕಾಣಲ್ಲ. ಆದರೆ ಭಾರದ ಗ್ಯಾಸ್ ಬಕೆಟಿನಲ್ಲಿ ತುಂಬಿಕೊಂಡೇ ಬರುತ್ತೆ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ತಾಗಿದರೆ ಕಿಡಿ. ಕೈಯಲ್ಲಿ ಒತ್ತುವ ಪಂಪು ಇದ್ದರೆ ಇನ್ನೂ ಒಳ್ಳೇದು. ಆದರೆ ತಳಕ್ಕೆ ಇಳಿದು ನಿಲ್ಲಬೇಡಿ, ಅಲ್ಲಿ ಉಸಿರಾಡಲು ಗಾಳಿ ಇರಲ್ಲ. ಮೇಲೆ ನಿಂತು, ಬಕೆಟಿಗೆ ಹಗ್ಗ ಕಟ್ಟಿ ಇಳಿಸಿ.

ಬೆಂಕಿಯೇ ಹತ್ತಿತು ಅನ್ನಿ. ಪೈಪಿನ ತುದಿಯಲ್ಲಿ ಉರೀತಾ ಇರುವ ಬೆಂಕಿಯನ್ನು ಗ್ಯಾಸ್ ಬಂದ್ ಮಾಡದೆ ಆರಿಸಬೇಡಿ. ಉರಿಯುವ ಗ್ಯಾಸ್ ಕಣ್ಣಿಗೆ ಕಾಣುತ್ತೆ, ಆರಿದ ಗ್ಯಾಸ್ ತಳಕ್ಕೆ ಹೋಗಿ ಕೂರುತ್ತೆ. ಒದ್ದೆ ಗೋಣಿ ಕೈಗೆ ಸುತ್ತಿಕೊಂಡು ಮೊದಲು ರೆಗ್ಯುಲೇಟರ್ ಬಂದ್ ಮಾಡಿ. ಬೆಂಕಿ ಇಲ್ಲ, ಆದರೆ ವಾಲ್ವೇ ಕೆಟ್ಟು ಸೋರಿಕೆ ನಿಲ್ಲುತ್ತಿಲ್ಲ ಅಂದರೆ ಕೊನೇ ದಾರಿ ಸಿಲಿಂಡರನ್ನು ಸಮುದ್ರಕ್ಕೆ ಹಾಕುವುದು. ಮುಳುಗಲ್ಲ. ತುಂಬಿದ ಸಿಲಿಂಡರ್ ಸುಮಾರು 30 ಕೆಜಿ, ಆದರೆ ಅದು ಪಕ್ಕಕ್ಕೆ ಸರಿಸುವ ನೀರು ಅದಕ್ಕಿಂತ ಹೆಚ್ಚು. ಪ್ರವಾಹದ ದೃಶ್ಯಗಳಲ್ಲಿ ಸಿಲಿಂಡರುಗಳು ತೇಲಿಹೋಗುವುದನ್ನು ನೀವೇ ಟಿವಿಯಲ್ಲಿ ನೋಡಿರ್ತೀರಿ. ಗಾಳಿ ನಿಮ್ಮಿಂದ ದೂರ ಬೀಸುವ ಬದಿಯಲ್ಲಿ ಬಿಡಿ.

ಊರಿನಲ್ಲಾದರೆ ಗ್ಯಾಸ್ ಲೀಕಿಗೆ 1906ಕ್ಕೆ ಫೋನ್ ಮಾಡಿ ಅಂತ ಹೇಳಿ ಮುಗಿಸಬಹುದಿತ್ತು. ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ಲೇ ಇಲ್ಲ. ಅಲ್ಲಿ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093. ಅಗ್ನಿಶಾಮಕ ವಾಹನ ಬರಲ್ಲ. ಪಕ್ಕದ ಮನೆಯವರೂ ಬರಲ್ಲ.

ಸ್ಫೋಟ ಆಗದೆಯೂ ಒಲೆ ಕೊಲ್ಲಬಹುದು. 2014ರ ಜನವರಿಯಲ್ಲಿ ಇಂಗ್ಲೆಂಡಿನ ವಿಟ್ಬಿ ಬಂದರಿನಲ್ಲಿ 'ಎಸ್ಕಾಲ್' ಎಂಬ ಮೀನುಗಾರಿಕಾ ಬೋಟು ಕಟ್ಟಿ ನಿಂತಿತ್ತು. ದಡದಲ್ಲೇ ಇತ್ತು, ಸಮುದ್ರದಲ್ಲಲ್ಲ. ಚಳಿ ಅಂತ ಗ್ಯಾಸ್ ಒಲೆಯ ಗ್ರಿಲ್ ಹಚ್ಚಿಟ್ಟು ಇಬ್ಬರು ಮೀನುಗಾರರು ಮಲಗಿದರು. ಏಳಲಿಲ್ಲ. ಗಾಳಿ ಸಾಲದೆ ಉರಿದ ಗ್ಯಾಸ್ ಕಾರ್ಬನ್ ಮೋನಾಕ್ಸೈಡ್ ಆಗುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದುಕೊಳ್ಳುತ್ತೆ. ನಮ್ಮಲ್ಲಿ ಅಂಥ ಚಳಿ ಇಲ್ಲ ಅಂತೀರಾ? ಆಗಸ್ಟಿನ ಮಳೆ ಇದೆಯಲ್ಲ! ಇರಚಲು ಒಳಗೆ ಬರುತ್ತೆ ಅಂತ ಬಾಗಿಲು ಕಿಟಕಿ ಮುಚ್ಚಿ, ಒಳಗೆ ಒಂದು ಗಂಟೆ ಅನ್ನ ಬೇಯಿಸಿದರೂ ಅದೇ ಸ್ಥಿತಿ. ಉರಿ ನೀಲಿ ಬಿಟ್ಟು ಹಳದಿಯಾದರೆ, ಪಾತ್ರೆಯ ತಳ ಕಪ್ಪಾದರೆ, ಒಳಗಿದ್ದವರಿಗೆ ತಲೆನೋವು ವಾಕರಿಕೆ ಬಂದರೆ ಸಮುದ್ರದ ಅಲೆಗೆ ಆದದ್ದು ಅಂತ ಸುಮ್ಮನಿರಬೇಡಿ. ಮೊದಲು ಹೊರಗೆ ಬನ್ನಿ.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ. 14.2 ಕೆಜಿಯ ಕೆಂಪು ಸಿಲಿಂಡರ್ ಇರೋದು ಮನೆಯ ಅಡುಗೆಗೆ. 2000ನೇ ಇಸವಿಯ ಕೇಂದ್ರದ ಆದೇಶದ ಪ್ರಕಾರ ಅದನ್ನು ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ಬೋಟಿನಲ್ಲಿ ಇರಬೇಕಾದ್ದು ವಾಣಿಜ್ಯ ಬಳಕೆಯ 19 ಕೆಜಿ ಅಥವಾ ವಿಳಾಸದ ದಾಖಲೆ ಇಲ್ಲದೆ ಸಿಗುವ 5 ಕೆಜಿಯದು. ಆದರೆ ಮನೆಯ ಸಿಲಿಂಡರ್ ಅಗ್ಗ. ಹಾಗಾಗಿ ಅದು ಬೋಟು ಹತ್ತುತ್ತೆ. ಹತ್ತಿದ್ದು ಯಾರ ಕಣ್ಣಿಗೂ ಬೀಳಬಾರದು. ಬೀಳಬಾರದು ಅಂದರೆ ಎಲ್ಲಿಡಬೇಕು? ಒಳಗೆ, ಹಲಗೆಯ ಕೆಳಗೆ, ಬಲೆಯ ರಾಶಿಯ ಹಿಂದೆ. ಅರ್ಥ ಆಯ್ತಾ? ಎಲ್ಲಿಡಬಾರದೋ ಸರಿಯಾಗಿ ಅಲ್ಲೇ! ಲೈಫ್ ಜಾಕೆಟ್ ಇದೆಯಾ ಅಂತ ಕೇಳುವ ಇಲಾಖೆ ಸಿಲಿಂಡರ್ ಎಲ್ಲಿದೆ ಅಂತಲೂ ಕೇಳಲಿ. ದಂಡ ಹಾಕೋಕೆ ಅಂತ ಕೇಳಿದರೆ ಇನ್ನೂ ಆಳಕ್ಕೆ ಬಚ್ಚಿಡ್ತಾರೆ. ಮೀನುಗಾರರಿಗೆ ಡೀಸೆಲ್‌ಗೆ ರಿಯಾಯಿತಿ ಕೊಡುವ ಸರ್ಕಾರ ಬೋಟಿನ ಅಡುಗೆ ಗ್ಯಾಸಿಗೂ ಕೊಟ್ಟರೆ ಬಚ್ಚಿಡುವ ಕಾರಣವೇ ಹೋಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ನಾವು ಮೀನುಗಾರರಲ್ಲ, ನಮಗೇಕೆ ಇದು ಅನ್ನುವವರೂ ರಜೆಗೆ ಅಲಪ್ಪುಳದ ಹೌಸ್‌ಬೋಟಿಗೆ ಹೋಗ್ತೀರಿ. ಹಿಂಬದಿಯ ಅಡುಗೆಮನೆಯಿಂದ ಕರಿಮೀನು ಹುರಿಯುವ ವಾಸನೆ ಬರುತ್ತೆ, ಮೇಲೆ ಬಿದಿರು ಚಾಪೆಯ ಮಾಡು, ಒಳಗೆ ಎ.ಸಿ. ಹಾಕಿ ಬಾಗಿಲು ಮುಚ್ಚಿದ ಬೆಡ್‌ರೂಮು. ಹತ್ತಿದ ಕೂಡಲೇ ಸೆಲ್ಫಿ ತೆಗೆಯಿರಿ, ಬೇಡ ಅನ್ನಲ್ಲ. ಆದರೆ ಅಡುಗೆಯವರನ್ನು ಒಂದು ಪ್ರಶ್ನೆ ಕೇಳಿ: "ಅಣ್ಣಾ, ಸಿಲಿಂಡರ್ ಎಲ್ಲಿದೆ?" ಹೊರಗೆ ತೋರಿಸಿದರೆ ಸರಿ. ಕಾಲಿನ ಕೆಳಗಿನ ಹಲಗೆ ತೋರಿಸಿದರೆ ಬೇರೆ ಬೋಟು ನೋಡಿ.

ಇದನ್ನು ಜುಲೈನಲ್ಲಿ ಹೇಳ್ತಾ ಇರುವುದಕ್ಕೆ ಕಾರಣ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳು ದಡದಲ್ಲಿವೆ. ಬಡಗಿ, ವೆಲ್ಡರ್, ಫೈಬರ್ ಕೆಲಸದವರು, ಬಣ್ಣದವರು ಎಲ್ಲರೂ ಅಲ್ಲೇ ಇದ್ದಾರೆ. ಒಂದು ಪೆಟ್ಟಿಗೆ, ಒಂದು ಮಾರು ಕೊಳವೆ, ಬೋಟಿನ ಬದಿಗೆ ಒಂದು ತೂತು. ಬಡಗಿಗೆ ಒಂದು ದಿನದ ಕೆಲಸ. ತೂತು ಮಾತ್ರ ಬೋಟು ಮೀನು ತುಂಬಿಕೊಂಡು ಕೆಳಗೆ ಕೂತಾಗ ನೀರು ಎಲ್ಲಿಗೆ ಬರುತ್ತೋ ಅದಕ್ಕಿಂತ ಮೇಲೆ ಇರಲಿ. ಖಾಲಿ ಬೋಟು ನೋಡಿ ಗುರುತು ಹಾಕಿದರೆ ವಾಪಸ್ ಬರುವಾಗ ಅದು ನೀರೊಳಗೆ ಇರುತ್ತೆ.